ಫ್ಲಿಪ್‌ಅಪ್ ಹೆಲ್ಮೆಟ್: ಕೊಳ್ಳುವ ಮುನ್ನ ಲಾಕ್ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಹೆಲ್ಮೆಟ್ ಕುರಿತ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಹೆಚ್ಚಿನವು ‘ತಪ್ಪದೆ ಹಾಕಿಕೊಳ್ಳಿ’ ಎಂಬಲ್ಲಿಗೆ ಮುಗಿಯುತ್ತವೆ. ಯಾವುದನ್ನು ಹಾಕಿಕೊಳ್ಳಬೇಕು ಎಂಬುದು ಅಂಗಡಿಯಲ್ಲಿ ಬಣ್ಣ, ಬೆಲೆ ನೋಡಿ ತೀರ್ಮಾನವಾಗುತ್ತದೆ. ಇಡೀ ಮುಖ ಮುಚ್ಚುವ ಫುಲ್‌ಫೇಸ್ ಕೊಳ್ಳಬೇಕೋ, ಮುಂಭಾಗ ಮೇಲೆತ್ತಲು ಬರುವ ಫ್ಲಿಪ್‌ಅಪ್ ಕೊಳ್ಳಬೇಕೋ ಎಂದು ಕೇಳುವವರಿಗೆ, ಸವಾರರಿಗೆ ತರಬೇತಿ ಕೊಡುವ ನಾವು ನೇರವಾಗಿಯೇ ಹೇಳುತ್ತೇವೆ: ಫ್ಲಿಪ್‌ಅಪ್ ಬೇಕೇ ಬೇಕು ಅನ್ನುವಂಥ ದಿನನಿತ್ಯದ ಕಾರಣ ಇಲ್ಲದಿದ್ದರೆ ಫುಲ್‌ಫೇಸ್ ಕೊಳ್ಳಿ. ಕಾರಣವಿದ್ದರೆ ಫ್ಲಿಪ್‌ಅಪ್ ಕೊಳ್ಳಿ, ಆದರೆ ಮುಂಭಾಗವನ್ನು ಮುಚ್ಚಿ ಹಿಡಿಯುವ ಲಾಕ್ ಪರೀಕ್ಷಿಸಿ ಕೊಳ್ಳಿ, ಮುಚ್ಚಿಕೊಂಡೇ ಓಡಿಸಿ.

ಗದ್ದಕ್ಕೆ ಯಾಕೆ ಇಷ್ಟು ಮಹತ್ವ? ಜರ್ಮನಿಯ ಹ್ಯಾನೋವರ್‌ನಲ್ಲಿ ಅಪಘಾತ ಸಂಶೋಧಕ ಡೀಟ್ಮಾರ್ ಒಟ್ಟೆ ಅವರು ಅಪಘಾತಗಳಲ್ಲಿ ಹೆಲ್ಮೆಟ್‌ನ ಯಾವ ಭಾಗಕ್ಕೆ ಪೆಟ್ಟು ಬಿದ್ದಿದೆ ಎಂದು ಗುರುತಿಸಿದಾಗ, ಸುಮಾರು ಮೂರನೇ ಒಂದು ಭಾಗ ಪೆಟ್ಟುಗಳು ಗದ್ದದ ಸುತ್ತಲೇ ಬಿದ್ದಿದ್ದವು. ಫುಲ್‌ಫೇಸ್‌ನಲ್ಲಿ ಗದ್ದದ ಮುಂದಿನ ಪಟ್ಟಿ, ಅಂದರೆ ಚಿನ್‌ಬಾರ್, ಹೊರಚಿಪ್ಪಿನದೇ ಅಂಗ, ನಡುವೆ ಜೋಡಣೆಯಿಲ್ಲ. ಹಾಗಾಗಿ ಅಲ್ಲಿ ಬಿದ್ದ ಪೆಟ್ಟು ಇಡೀ ಚಿಪ್ಪಿಗೆ ಹಂಚಿಹೋಗುತ್ತದೆ. ಫ್ಲಿಪ್‌ಅಪ್‌ನಲ್ಲಿ ಅದೇ ಪೆಟ್ಟನ್ನು ಕಣತಲೆಯ ಬಳಿಯ ಎರಡು ತಿರುಗಣೆಗಳು ಮತ್ತು ದವಡೆಯ ಬಳಿಯ ಎರಡು ಲಾಕ್‌ಗಳು ಹೊರಬೇಕು. ಪೆಟ್ಟು ಬಿದ್ದ ಕ್ಷಣ ಚಿಪ್ಪು ಬಾಗುತ್ತದೆ. ಲಾಕ್‌ನ ಕೊಂಡಿ ಸವೆದಿದ್ದರೆ ಅಥವಾ ಪೂರ್ತಿ ಕೂತಿರದಿದ್ದರೆ ಆ ಬಾಗುವಿಕೆಯಲ್ಲೇ ಜಾರಿ, ಚಿನ್‌ಬಾರ್ ಮೇಲಕ್ಕೆ ಹಾರಿ ಮುಖ ಬಯಲಾಗುತ್ತದೆ.

ಆದ್ದರಿಂದ ಕೊಳ್ಳುವವರು ಮೊದಲು ನೋಡಬೇಕಾದದ್ದು ಸ್ಟ್ರಾಪ್‌ಗೆ ಹೊಲಿದಿರುವ ಚೀಟಿ. ವಿಶ್ವಸಂಸ್ಥೆಯ ಇಸಿಇ 22 ನಿಯಮದ ಪ್ರಕಾರ ಪರೀಕ್ಷೆಯಾದ ಹೆಲ್ಮೆಟ್‌ಗಳಲ್ಲಿ ಅನುಮೋದನೆ ಸಂಖ್ಯೆಯ ಮುಂದೆ ಓರೆಗೆರೆ ಎಳೆದು ಅಕ್ಷರ ಮುದ್ರಿಸಿರುತ್ತಾರೆ. ‘ಪಿ’ ಎಂದಿದ್ದರೆ ಚಿನ್‌ಬಾರ್ ರಕ್ಷಣೆ ಕೊಡುವಂಥದು ಎಂದು ಪರೀಕ್ಷೆಯಾಗಿದೆ. ‘ಜೆ’ ಮಾತ್ರ ಇದ್ದರೆ ಅದು ತೆರೆದ ಮುಖದ ಹೆಲ್ಮೆಟ್ ಎಂದಷ್ಟೇ ಪರೀಕ್ಷೆಯಾಗಿದೆ. ‘ಎನ್‌ಪಿ’ ಎಂದಿದ್ದರೆ ಮುಂದೆ ಕಾಣುವ ಚಿನ್‌ಬಾರ್ ಗಾಳಿ ತಡೆಯುವುದಕ್ಕಷ್ಟೇ, ಪೆಟ್ಟು ತಡೆಯುವುದಕ್ಕಲ್ಲ. ನೋಟಕ್ಕೆ ಇವೆಲ್ಲ ಒಂದೇ ಥರ ಇರಬಹುದು, ವ್ಯತ್ಯಾಸ ತಿಳಿಯುವುದು ಆ ಅಕ್ಷರದಿಂದ ಮಾತ್ರ. ಮುಚ್ಚಿದಾಗಲೂ ತೆರೆದಾಗಲೂ ಅನುಮೋದನೆ ಪಡೆದ ಫ್ಲಿಪ್‌ಅಪ್‌ಗೆ ‘ಪಿ’, ‘ಜೆ’ ಎರಡೂ ಇರುತ್ತವೆ. ‘ಪಿ’ ಸಿಗಬೇಕಾದರೆ ಚಿನ್‌ಬಾರ್ ಸೆಕೆಂಡಿಗೆ 5.5 ಮೀಟರ್ ವೇಗದ ಪೆಟ್ಟನ್ನು ತಾಳಿಕೊಳ್ಳಬೇಕು. ಅಮೆರಿಕದ ಸಾರಿಗೆ ಇಲಾಖೆಯ ಡಾಟ್ ಮಾನದಂಡದಲ್ಲಿ ಚಿನ್‌ಬಾರ್‌ಗೆ ಪೆಟ್ಟಿನ ಪರೀಕ್ಷೆಯೇ ಇಲ್ಲ. ಹಾಗಾಗಿ ಡಾಟ್ ಗುರುತೊಂದನ್ನೇ ನೋಡಿ ಫ್ಲಿಪ್‌ಅಪ್ ಕೊಳ್ಳುವುದು ನಮ್ಮ ದೃಷ್ಟಿಯಲ್ಲಿ ಸರಿಯಲ್ಲ.

ಬ್ರಿಟನ್ ಸರ್ಕಾರ 2007ರಲ್ಲಿ ಶುರುಮಾಡಿದ ಶಾರ್ಪ್ ಯೋಜನೆಯ ಜಾಲತಾಣ ಇನ್ನೂ ಒಂದು ಮಾಹಿತಿ ಕೊಡುತ್ತದೆ. ಹೆಲ್ಮೆಟ್‌ಗೆ ಒಂದರಿಂದ ಐದು ನಕ್ಷತ್ರ ಕೊಡುವುದರ ಜೊತೆಗೆ, ಪೆಟ್ಟಿನ ಪರೀಕ್ಷೆಗಳಲ್ಲಿ ಶೇಕಡಾ ಎಷ್ಟು ಸಲ ಲಾಕ್ ಬಿಚ್ಚದೆ ಉಳಿಯಿತು ಎಂಬುದನ್ನೂ ಫ್ಲಿಪ್‌ಅಪ್‌ಗಳ ಮಟ್ಟಿಗೆ ಅಲ್ಲಿ ಪ್ರಕಟಿಸುತ್ತಾರೆ. ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ, ಆ ಶೇಕಡಾವಾರು ನೋಡಿ.

ಇನ್ನು ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ. ಫ್ಲಿಪ್‌ಅಪ್‌ನ ಬಾಯಿ ಅಗಲ, ತಲೆಗೆ ಸಲೀಸಾಗಿ ಇಳಿಯುತ್ತದೆ. ಇದನ್ನೇ ನಂಬಿ ಅಳತೆ ಸರಿಯಾಗಿದೆ ಅಂದುಕೊಳ್ಳುವವರು ಬಹಳ. ಕೆನ್ನೆಯ ಪ್ಯಾಡ್ ಬಿಗಿಯೋ ಸಡಿಲವೋ ಗೊತ್ತಾಗುವುದು ಮುಚ್ಚಿದ ಮೇಲೆಯೇ. ಮುಚ್ಚಿ, ಸ್ಟ್ರಾಪ್ ಹಾಕಿ, ಹೆಲ್ಮೆಟ್ಟನ್ನು ಎರಡೂ ಕೈಯಿಂದ ಹಿಡಿದು ಎಡಬಲಕ್ಕೆ ತಿರುಗಿಸಿ: ಹಣೆಯ ಚರ್ಮ ಅದರ ಜೊತೆಗೇ ಸರಿಯಬೇಕು. ಹಿಂದಿನ ಅಂಚನ್ನು ಹಿಡಿದು ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ನೋಡಿ: ಬರಕೂಡದು. ಚಿನ್‌ಬಾರನ್ನು ಮುಖದ ಕಡೆಗೆ ಒತ್ತಿದರೆ ತುಟಿಗೋ ಗದ್ದಕ್ಕೋ ತಗಲಕೂಡದು. ಆಮೇಲೆ ಲಾಕ್. ಮುಚ್ಚುವಾಗ ಎರಡೂ ಕಡೆ ಕಟಕ್ ಎನ್ನಬೇಕು. ಬಟನ್ ಮುಟ್ಟದೆ ಕೆಳ ಅಂಚನ್ನು ಹಿಡಿದು ಮೊದಲು ಎಡಗಡೆ, ನಂತರ ಬಲಗಡೆ ಜೋರಾಗಿ ಮೇಲಕ್ಕೆಳೆಯಿರಿ. ಒಂದು ಕಡೆ ಬಿಟ್ಟುಕೊಂಡರೂ ಆ ಹೆಲ್ಮೆಟ್ಟನ್ನು ಅಲ್ಲೇ ಬಿಡಿ, ಕೊಳ್ಳಬೇಡಿ. ಚಿಪ್ಪಿಗೂ ಚಿನ್‌ಬಾರ್‌ಗೂ ನಡುವಿನ ಸಂದು ಎರಡೂ ಬದಿ ಒಂದೇ ಸಮ ಇರಬೇಕು. ಲಾಕ್ ಒಳಗೆ ಇಣುಕಿ ನೋಡಿ: ಲೋಹದ ಕಡ್ಡಿಗೆ ಲೋಹದ ಕೊಂಡಿ ಕೂರುವಂಥದು ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕೂರುವುದಕ್ಕಿಂತ ಹೆಚ್ಚು ಕಾಲ ಸವೆಯದೆ ಬಾಳುತ್ತದೆ. ಚಿನ್‌ಬಾರ್ ಒಳಗೆ ಬಟ್ಟೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿ. ಗಟ್ಟಿ ಥರ್ಮಾಕೋಲ್ ಸಿಗಬೇಕು. ಬರೀ ಮೆತ್ತನೆಯ ಸ್ಪಂಜು ಸಿಕ್ಕಿದರೆ ಅಲ್ಲಿ ಪೆಟ್ಟು ಹೀರುವ ವಸ್ತುವೇ ಇಲ್ಲ.

ಕನ್ನಡಕ ಇದೆ, ಅದಕ್ಕೇ ಫ್ಲಿಪ್‌ಅಪ್ ಅನ್ನುವವರಿಗೊಂದು ಮಾತು. ಕನ್ನಡಕದ ಕಡ್ಡಿ ನೇರವಾಗಿದ್ದರೆ, ಪ್ಯಾಡ್‌ಗಳಲ್ಲಿ ಅದಕ್ಕೆಂದೇ ಜಾಗ ಬಿಟ್ಟಿರುವ ಫುಲ್‌ಫೇಸ್‌ಗಳಲ್ಲಿ ಹೆಲ್ಮೆಟ್ ಹಾಕಿದ ಮೇಲೆಯೂ ಸುಲಭವಾಗಿ ತೂರಿಸಬಹುದು. ಒಮ್ಮೆ ಹಾಕಿ ನೋಡದೆ ತೀರ್ಮಾನಿಸಬೇಡಿ. ಗಳಿಗೆಗೊಮ್ಮೆ ನಿಂತು ಜನರ ಜೊತೆ ಮಾತಾಡಬೇಕಾದ ಕೆಲಸದವರಿಗೆ, ತಲೆಯ ಮೇಲಿಂದ ಬಿಗಿಯಾದ ಹೆಲ್ಮೆಟ್ ಎಳೆದರೆ ಕಿವಿ, ಕುತ್ತಿಗೆ ನೋಯುವವರಿಗೆ, ಮುಖ ಮುಚ್ಚಿದರೆ ಉಸಿರುಗಟ್ಟಿದಂತಾಗುವವರಿಗೆ ಫ್ಲಿಪ್‌ಅಪ್ ನಿಜಕ್ಕೂ ಉಪಕಾರಿ.

ತೂಕದಲ್ಲಿ ಫ್ಲಿಪ್‌ಅಪ್ ಸಾಮಾನ್ಯವಾಗಿ 150ರಿಂದ 300 ಗ್ರಾಂ ಹೆಚ್ಚು. ಅಂಗಡಿಯಲ್ಲಿ ಇದು ಗೊತ್ತಾಗುವುದಿಲ್ಲ, ಮೂರು ಗಂಟೆ ಎದುರುಗಾಳಿಯಲ್ಲಿ ಓಡಿಸಿದ ಕುತ್ತಿಗೆಗೆ ಗೊತ್ತಾಗುತ್ತದೆ. ಸಂದುಗಳಿರುವುದರಿಂದ ಸದ್ದೂ ಹೆಚ್ಚು. ಆದರೆ ಸದ್ದಿನ ವಿಷಯದಲ್ಲಿ ಫುಲ್‌ಫೇಸ್‌ನವರೂ ನಿಶ್ಚಿಂತರಾಗಬಾರದು. ಗಂಟೆಗೆ 100 ಕಿಮೀ ವೇಗದಲ್ಲಿ ಒಳ್ಳೆಯ ಹೆಲ್ಮೆಟ್ ಒಳಗೂ ಗಾಳಿಯ ಸದ್ದು 95 ಡೆಸಿಬಲ್ ಮುಟ್ಟಬಹುದು. 85 ಡೆಸಿಬಲ್‌ಗೆ ಎಂಟು ಗಂಟೆ ಮಿತಿ, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧಕ್ಕರ್ಧ ಎಂಬ ಲೆಕ್ಕ ಹಿಡಿದರೆ, 95ಕ್ಕೆ ಒಂದು ಗಂಟೆಯೂ ಸಿಗುವುದಿಲ್ಲ. ದೂರದ ಓಡಾಟಕ್ಕೆ ಇಯರ್‌ಪ್ಲಗ್ ಎರಡರಲ್ಲೂ ಬೇಕು.

ನಮಗೆ ಹೆಚ್ಚು ಆತಂಕ ತರುವುದು ಮೇಲೆತ್ತಿಕೊಂಡೇ ಓಡಿಸುವವರು. ಎತ್ತಿದ ಚಿನ್‌ಬಾರ್‌ಗೆ ಗಾಳಿ ಹಿಡಿದು ತಲೆಯನ್ನು ಹಿಂದಕ್ಕೆ ಎಳೆಯುತ್ತದೆ. ಎತ್ತಿದಲ್ಲೇ ನಿಲ್ಲಿಸುವ ಲಾಕ್ ಇಲ್ಲದಿದ್ದರೆ ಗುಂಡಿಯಲ್ಲಿ ಇಳಿದಾಗ ದಡಕ್ಕನೆ ಬಿದ್ದು ಕಣ್ಣಿಗೆ ಅಡ್ಡವಾಗಬಹುದು. ‘ಜೆ’ ಅಕ್ಷರ ಇದ್ದು, ಎತ್ತಿದ ಸ್ಥಿತಿಯ ಲಾಕ್ ಹಾಕಿದ್ದರೂ ಆ ಹೊತ್ತಿನಲ್ಲಿ ಗದ್ದಕ್ಕೆ ರಕ್ಷಣೆ ಸೊನ್ನೆ. ಗಾಡಿ ನಿಂತಾಗ ಎತ್ತಿ, ಚಲಿಸುವ ಮುನ್ನ ಮುಚ್ಚಿ.

ಅರ್ಧ ಕೂತ ಲಾಕ್‌ಗೆ ಕಾರಣ ಹುಡುಕಿದರೆ ಬಹಳ ಸಲ ಸಿಗುವುದು ಸಣ್ಣ ವಸ್ತು: ಸ್ಟ್ರಾಪ್‌ನ ತುದಿ, ಕುತ್ತಿಗೆಯ ಬಟ್ಟೆ, ಮರಳಿನ ಕಣ. ತಿಂಗಳಿಗೊಮ್ಮೆ ಹಳೆಯ ಮೃದು ಹಲ್ಲುಜ್ಜುವ ಬ್ರಷ್ ಮತ್ತು ಉಗುರು ಬೆಚ್ಚಗಿನ ನೀರಿನಿಂದ ಲಾಕ್ ತೊಳೆದು, ಪೂರ್ತಿ ಒಣಗಿಸಿ, ಒಂದು ತೊಟ್ಟು ಸಿಲಿಕೋನ್ ಎಣ್ಣೆ ಬಿಡಿ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಬೇಡ. ಅವು ಪಾಲಿಕಾರ್ಬೊನೇಟ್ ಚಿಪ್ಪನ್ನೂ ಒಳಗಿನ ಥರ್ಮಾಕೋಲನ್ನೂ ತಿನ್ನುತ್ತವೆ. ಒತ್ತಿದ ಬಟನ್ ತಾನಾಗಿ ಹಿಂದಕ್ಕೆ ಬಾರದಿದ್ದರೆ ಸ್ಪ್ರಿಂಗ್ ಸೋತಿದೆ ಎಂದರ್ಥ. ಅಂಟು, ಸ್ಕ್ರೂ ಹಾಕಿ ಮನೆಯಲ್ಲೇ ರಿಪೇರಿ ಮಾಡಬೇಡಿ. ತಯಾರಕರಿಂದ ಬಿಡಿಭಾಗ ಸಿಗದಿದ್ದರೆ ಹೆಲ್ಮೆಟ್ ಬದಲಿಸಿ. ಪೆಟ್ಟು ತಿಂದದ್ದು ಯಾವುದೇ ಬಗೆಯದಾಗಲಿ, ಹೊರಗೆ ಗೀರು ಕಾಣದಿದ್ದರೂ ಮತ್ತೆ ಹಾಕಬೇಡಿ.

ಬಿದ್ದವರಿಗೆ ನೆರವಾಗುವವರಿಗೆ ಫ್ಲಿಪ್‌ಅಪ್ ಒಂದು ಅನುಕೂಲ ಕೊಡುತ್ತದೆ. ಹೆಲ್ಮೆಟ್ ತೆಗೆಯದೆಯೇ ಚಿನ್‌ಬಾರ್ ಎತ್ತಿ ಉಸಿರಾಟ ನೋಡಬಹುದು. ಬಟನ್ ಎಲ್ಲಿದೆ ಎಂದು ಮನೆಯವರಿಗೆ, ಜೊತೆ ಸವಾರರಿಗೆ ಮೊದಲೇ ತೋರಿಸಿಡಿ. ಉಸಿರು ಸರಾಗವಾಗಿದ್ದರೆ ಹೆಲ್ಮೆಟ್ಟನ್ನು ಹಾಗೇ ಬಿಟ್ಟು ಆಂಬುಲೆನ್ಸ್‌ಗೆ ಕಾಯಬೇಕು. ತೆಗೆಯಲೇಬೇಕಾದರೆ ಇಬ್ಬರು ಬೇಕು: ಒಬ್ಬರು ಕುತ್ತಿಗೆ ಅಲುಗದಂತೆ ಹಿಡಿದಿರಬೇಕು, ಇನ್ನೊಬ್ಬರು ನಿಧಾನಕ್ಕೆ ಎಳೆಯಬೇಕು.

ಹೆಲ್ಮೆಟ್ ಬಗ್ಗೆ ಮುಂದೆ ಬರೆಯುವಾಗ ಹೊರಚಿಪ್ಪಿನ ಫೋಟೊ ಜೊತೆಗೆ ಸ್ಟ್ರಾಪ್‌ನ ಚೀಟಿಯದೊಂದು ಹತ್ತಿರದ ಫೋಟೊವನ್ನೂ, ಅಕ್ಷರ ಓದಲು ಬರುವಷ್ಟು ದೊಡ್ಡದಾಗಿ, ಪ್ರಕಟಿಸಬೇಕೆಂದು ಕೋರುತ್ತೇವೆ.

ಇತಿ,
ದ್ವಿಚಕ್ರ ಸವಾರಿ ತರಬೇತುದಾರರು