ಮಧುಗಿರಿ ಬಂಡೆಯ ಹುಡುಗಿಯರಿಗೂ ಒಂದು ಹಗ್ಗ ಕೊಡಿ

ಮಾನ್ಯ ಸಂಪಾದಕರೇ,

ಎವರೆಸ್ಟ್ ಏರಿದ ಹೆಣ್ಣುಮಕ್ಕಳ ಕುರಿತು ನಿಮ್ಮಲ್ಲಿ ಬಂದ ಲೇಖನ ಓದಿದೆ. 1975ರ ಮೇ 16ರಂದು ತುದಿ ಮುಟ್ಟಿದ ಮೊದಲ ಮಹಿಳೆ ಜಪಾನಿನ ಜುಂಕೊ ತಬೆಯಿ, 1984ರಲ್ಲಿ ನಮ್ಮ ಬಚೇಂದ್ರಿ ಪಾಲ್, ಆಮೇಲೆ ಸಂತೋಷ್ ಯಾದವ್, ಕೃತಕ ಕಾಲಿನಲ್ಲಿ ಹತ್ತಿದ ಅರುಣಿಮಾ ಸಿನ್ಹಾ, ಎಲ್ಲರೂ ಇದ್ದರು. ಇವರೆಲ್ಲ ಮೊದಲು ಹತ್ತಿ ಕಲಿತದ್ದು ಎಲ್ಲಿ ಎಂಬುದು ಮಾತ್ರ ಇರಲಿಲ್ಲ. ದಿನಾ ಬೆಳಗ್ಗೆ ಬಾಗಿಲು ತೆಗೆದರೆ ಏಕಶಿಲಾ ಬೆಟ್ಟ ಕಾಣುವ ನನಗೆ ಬೇಕಿದ್ದದ್ದು ಅದೇ.

ಮಾಲಾವತ್ ಪೂರ್ಣಾಳನ್ನೇ ನೋಡಿ. 2014ರ ಮೇ 25ರಂದು ಎವರೆಸ್ಟ್ ಏರಿದಾಗ ಅವಳಿಗಿನ್ನೂ ಹದಿನಾಲ್ಕು ತುಂಬಿರಲಿಲ್ಲ. ನೇಪಾಳದ ಕಡೆಯಿಂದ ಅಷ್ಟು ಚಿಕ್ಕವರನ್ನು ಬಿಡುವುದಿಲ್ಲವಾದ್ದರಿಂದ ಟಿಬೆಟ್ ಕಡೆಯಿಂದ ಹತ್ತಿದಳು. ಅಪ್ಪ ಅಮ್ಮ ಕೂಲಿಯವರು, ಓದುತ್ತಿದ್ದದ್ದು ತೆಲಂಗಾಣದ ಸಮಾಜ ಕಲ್ಯಾಣ ವಸತಿ ಶಾಲೆಯಲ್ಲಿ. ಡಾರ್ಜಿಲಿಂಗ್, ಲಡಾಖ್‌ಗೆಲ್ಲ ಹೋದದ್ದು ಆಮೇಲೆ. ಮೊದಲ ಪಾಠ ಭುವನಗಿರಿಯ ಬಂಡೆಯ ಮೇಲೆ. ಅದೂ ನಮ್ಮ ಬೆಟ್ಟದಂತೆ ಒಂದೇ ಕಲ್ಲು, ಮೇಲೊಂದು ಕೋಟೆ. ನಮ್ಮದು ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಎಂದು ಊರವರು ಹೇಳಿಕೊಳ್ಳುತ್ತಾರೆ, ಇರಲಿ. ಅವರು ಆ ಬಂಡೆಗೆ ಮಕ್ಕಳನ್ನು ಹತ್ತಿಸಿದರು, ನಾವು ನಮ್ಮದರ ಮೇಲೆ ಸೆಲ್ಫಿ ತೆಗೆಸಿಕೊಳ್ಳುತ್ತಿದ್ದೇವೆ.

ನಾನು ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು. ಒಮ್ಮೆ ಎಂಟನೇ ತರಗತಿ ಹುಡುಗಿಯರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಮೆಟ್ಟಿಲು ಮುಗಿದು ಬರೀ ಜಾರುಬಂಡೆ ಬರುವ ಕಡೆ ಕಬ್ಬಿಣದ ಕಂಬಿ ಹಿಡಿದು ನಾನೇ ಏದುಸಿರು ಬಿಡುತ್ತಿದ್ದೆ. ರಜೆ ಬಂದರೆ ಮೇಕೆ ಕಾಯುವ ಹುಡುಗಿಯೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು, ಕಂಬಿಯನ್ನು ಮುಟ್ಟದೆ ಮೇಲೆ ಹೋಗಿ ಕೂತು, 'ಬನ್ನಿ ಮಿಸ್, ಏನೂ ಆಗಲ್ಲ' ಎಂದಳು. ಅಂಥವರಿಗೆ ಒಂದು ಶಿಬಿರ ಮಾಡೋಣವೆಂದು ಅರ್ಜಿ ಹಿಡಿದು ಕಚೇರಿಯೊಂದಕ್ಕೆ ಹೋದೆ. 'ಹೆಣ್ಮಕ್ಕಳು ಮೇಡಂ, ಏನಾದರೂ ಹೆಚ್ಚುಕಡಿಮೆಯಾದರೆ ಯಾರು ಹೊಣೆ?' ಎಂದರು. ಅರ್ಜಿ ಅಲ್ಲೇ ಉಳಿಯಿತು. ತಬೆಯಿಯವರ ತಂಡ ಹಣ ಕೇಳಲು ಹೋದಾಗಲೂ 'ಮನೇಲಿದ್ದು ಮಕ್ಕಳನ್ನು ಸಾಕಿ' ಎಂಬ ಮಾತೇ ಸಿಕ್ಕಿತ್ತಂತೆ.

ನಮ್ಮ ಬೆಟ್ಟ ಹತ್ತಿದವರೆಲ್ಲ ಎವರೆಸ್ಟಿಗೆ ಹೋಗುತ್ತಾರೆಂದು ನಾನು ಹೇಳುತ್ತಿಲ್ಲ. ನಂದಿಬೆಟ್ಟವೇ 1,478 ಮೀಟರ್, ಎವರೆಸ್ಟಿನ ನೇಪಾಳದ ಕಡೆಯ ಬೇಸ್ ಕ್ಯಾಂಪ್ 5,300 ದಾಟುತ್ತದೆ. ಹಿಮವನ್ನಾಗಲಿ, ಆಮ್ಲಜನಕ ಕಡಿಮೆಯಾದಾಗ ಮೈ ಹೇಗಾಗುತ್ತದೆ ಎಂಬುದನ್ನಾಗಲಿ ಇಲ್ಲಿ ಕಲಿಸಲಾಗದು. ಕಾಲು ಎಲ್ಲಿಡಬೇಕು, ಗಂಟು ಹೇಗೆ ಹಾಕಬೇಕು, ಕೆಳಗೆ ನಿಂತು ಗೆಳತಿಯ ಹಗ್ಗ ಹೇಗೆ ಹಿಡಿಯಬೇಕು, ಇವಿಷ್ಟಕ್ಕೆ ನಮ್ಮ ಬಂಡೆ ಸಾಕು.

ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಅದಕ್ಕೆ ಮೊಳೆ ಹೊಡೆಯುವುದು ಬೇಡ. ಸುತ್ತಮುತ್ತ ಬೇರೆ ಬಂಡೆಗಳಿಗೇನು ಬರವಿಲ್ಲ, ಕೋಲಾರದವರಿಗೆ ಅಂತರಗಂಗೆಯೂ ಇದೆ. ಸರ್ಕಾರದ್ದೇ ಆದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ತರಬೇತುದಾರರನ್ನು ವರ್ಷಕ್ಕೆ ಹದಿನೈದು ದಿನ, ಮಳೆ ನಿಂತ ಮೇಲೆ, ಬಿಸಿಲೇರುವ ಮೊದಲು ಇಲ್ಲಿಗೆ ಕಳಿಸಲಿ. ವಸತಿ ಶಾಲೆಗಳ ಹೆಣ್ಣುಮಕ್ಕಳಿಂದಲೇ ಶುರುವಾಗಲಿ. ಹಗ್ಗ, ಹೆಲ್ಮೆಟ್, ವಿಮೆ ಇಲಾಖೆ ನೋಡಿಕೊಳ್ಳಲಿ. ಮನೆಮನೆಗೆ ಹೋಗಿ ತಂದೆತಾಯಿಯರನ್ನು ಒಪ್ಪಿಸಿ, ಮಕ್ಕಳನ್ನು ಬೆಟ್ಟದ ಬುಡಕ್ಕೆ ಕರೆತರುವ ಹೊಣೆ ನನ್ನದು.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಮಧುಗಿರಿ, ತುಮಕೂರು ಜಿಲ್ಲೆ