ಮಗಳಿಗೊಂದು ಪತ್ರ: ಸ್ಪ್ರಿಂಗು ಮುರಿದಿರಲಿಲ್ಲ

ಪ್ರೀತಿಯ ಮಗಳೇ,

ಶನಿವಾರ ರಾತ್ರಿ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನೀನು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಫೋನ್ ಇಟ್ಟುಬಿಟ್ಟೆನಲ್ಲ, ಅದಕ್ಕಾಗಿ ಈ ಪತ್ರ. ನನ್ನ ಹಳೆಯ ಏರ್ ರೈಫಲಿನ ಸ್ಪ್ರಿಂಗು ಮುರಿದುಹೋಗಿದೆ ಎಂದು ಇಷ್ಟು ವರ್ಷ ನಂಬಿಸಿದ್ದೇಕೆ ಎಂದು ಕೇಳಿದೆ. ಹೌದು, ಸ್ಪ್ರಿಂಗು ಮುರಿದಿರಲಿಲ್ಲ. ನಿನ್ನ ಅಪ್ಪ ಅದನ್ನು ಬೀರುವಿನ ಮೇಲಿಂದ ಇಳಿಸಿ, ಒಳಗೆ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಇಲ್ಲದೆಯೇ ಒಮ್ಮೆ ಹೊಡೆದು ನೋಡಿ ಅದನ್ನು ಪತ್ತೆ ಮಾಡಿದರಂತೆ. ಹಾಗೆ ಖಾಲಿ ಹೊಡೆದರೆ, ಸ್ಪ್ರಿಂಗು ತಳ್ಳುವ ಪಿಸ್ಟನ್ನಿಗೆ ಎದುರು ಒತ್ತುವ ಗಾಳಿ ಸಾಲದೆ ಅದು ಹೋಗಿ ಕೊನೆಯ ಗೋಡೆಗೆ ಬಡಿಯುತ್ತದೆ, ಸೀಲು ಹಾಳಾಗುತ್ತದೆ ಎಂದು ಅವರಿಗೆ ಹೇಳಬೇಕಾದದ್ದನ್ನು ಹೇಳಿಯಾಗಿದೆ. ನೀನಂತೂ ಹಾಗೆ ಮಾಡಬೇಡ. ಸುಳ್ಳು ಏಕೆ ಹೇಳಿದೆನೆಂಬುದನ್ನು ಬರೆಯುತ್ತೇನೆ. ಅದಕ್ಕೂ ಮೊದಲು ನಿನ್ನ ಹೊಸ ರೈಫಲಿನ ವಿಷಯ, ಏಕೆಂದರೆ ಅದು ನನಗೆ ಸುಲಭ.

ಅದನ್ನು ಮಾರಿಬಿಡು ಎಂದದ್ದು ನನ್ನ ತಪ್ಪು. ನೀನು ನನ್ನನ್ನು ಒಂದು ಮಾತೂ ಕೇಳದೆ ಕೊಂಡೆಯಲ್ಲ ಎಂಬ ಬೇಸರವನ್ನು ರೈಫಲಿನ ಮೇಲೆ ತೀರಿಸಿಕೊಂಡೆ. ಆಮೇಲೆ ನೀನು ಕಳಿಸಿದ ಚಿತ್ರವನ್ನು ಸಾವಕಾಶವಾಗಿ ನೋಡಿದಾಗ, ಕೇಳಿದ್ದರೂ ಹೆಚ್ಚುಕಡಿಮೆ ಇದನ್ನೇ ಕೊಳ್ಳು ಎನ್ನುತ್ತಿದ್ದೆ ಅನ್ನಿಸಿತು. ಕಾಗದದ ಗುರಿಗೆ 4.5 ಮಿಲಿಮೀಟರ್ ನಳಿಗೆಯದೇ ಸರಿ, 5.5 ಮಿಲಿಮೀಟರಿನ ಪೆಲೆಟ್ ತೂಕದ್ದು, ಅಷ್ಟೇ ಶಕ್ತಿಯಲ್ಲಿ ಅದು ನಿಧಾನವಾಗಿ ಹೋಗಿ ಬೇಗ ಕೆಳಗಿಳಿಯುತ್ತದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವ ವೇಗಕ್ಕೆ ಮರುಳಾಗದೆ ನೀನು ಸಾಧಾರಣ ಶಕ್ತಿಯದನ್ನು ಆರಿಸಿದ್ದೀಯೆ, ಅದು ನನಗೆ ಹೆಮ್ಮೆಯ ಸಂಗತಿ. ಸೆಕೆಂಡಿಗೆ 340 ಮೀಟರಿನ ಆಸುಪಾಸು, ಅಂದರೆ ಶಬ್ದದ ವೇಗದ ಅಂಚಿಗೆ ಹೋದ ಪೆಲೆಟ್ ಅಲುಗಾಡಿ ದಾರಿ ತಪ್ಪುತ್ತದೆ. 250ರ ಸುತ್ತಮುತ್ತ ಹೋಗುವುದೇ ಗುರಿಗೆ ಲೇಸು. ಮೊದಲೇ ಗಾಳಿ ತುಂಬಿಸಿಡುವ ಬಗೆಯದನ್ನು ಕೊಂಡಿದ್ದರೆ ಒದೆತವಿಲ್ಲದೆ ಬೇಗ ಗುರಿ ಕೂಡಿಬರುತ್ತಿತ್ತು ನಿಜ, ಆದರೆ 200 ಬಾರ್ ಒತ್ತಡದ ಗಾಳಿಗಾಗಿ ಪಂಪಿನ ಜೊತೆ ಗುದ್ದಾಡುವುದು ಮೊದಲ ರೈಫಲಿಗೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಸ್ಕೋಪು, ಅಂದರೆ ರೈಫಲಿನ ಮೇಲಿನ ದೂರದರ್ಶಕ, ಕೆಟ್ಟಿದೆ ಎಂಬ ನಿನ್ನ ದೂರು. ಎಂಟು ಕ್ಲಿಕ್ ತಿರುಗಿಸಿದರೂ ಪೆಲೆಟ್ ಕದಲಲಿಲ್ಲ ಎಂದೆ. ನಿನ್ನ ಸ್ಕೋಪಿನ ಗುಂಡಿಯ ಮೇಲೆ ಬರೆದಿರುವಂತೆ ಒಂದು ಕ್ಲಿಕ್ ಎಂದರೆ ಕಾಲು ಎಂಒಎ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿ, ಅದರಲ್ಲೊಂದು ಪಾಲಿನ ಕಾಲು ಭಾಗ. 100 ಮೀಟರ್ ದೂರದಲ್ಲಿ ಅದು ಸುಮಾರು 7 ಮಿಲಿಮೀಟರ್, ಆದರೆ ನೀನು ಹೊಡೆಯುತ್ತಿರುವ 10 ಮೀಟರಿನಲ್ಲಿ ಮುಕ್ಕಾಲು ಮಿಲಿಮೀಟರೂ ಇಲ್ಲ. ಎಂಟು ಕ್ಲಿಕ್ಕಿಗೆ 6 ಮಿಲಿಮೀಟರಿಗಿಂತ ಕಡಿಮೆ ಸರಿದಿರುತ್ತದೆ, ಅದು ನಿನ್ನ ತೂತುಗಳ ಚೆದುರುವಿಕೆಯಲ್ಲೇ ಕಳೆದುಹೋಗಿದೆ. ನಾಲ್ಕು ಸೆಂಟಿಮೀಟರ್ ಕೆಳಗೆ ಬೀಳುತ್ತಿದ್ದರೆ ಐವತ್ತೈದರಷ್ಟು ಕ್ಲಿಕ್ ಬೇಕು. ಸ್ಕೋಪು ನಳಿಗೆಗಿಂತ ಸುಮಾರು ಅಷ್ಟೇ ಮೇಲೆ ಕೂತಿರುವುದರಿಂದ, ಹತ್ತಿರದಿಂದ ಹೊಡೆದಾಗ ಪೆಲೆಟ್ ಅಷ್ಟು ಕೆಳಗೆ ಬೀಳುವುದು ಸಹಜವೇ. ಒಂದು ತೂತನ್ನು ನೋಡಿ ಗುಂಡಿ ತಿರುಗಿಸಬೇಡ; ಐದು ಹೊಡೆದು, ಐದರ ನಡುವನ್ನು ಅಂದಾಜಿಸಿ, ಆಮೇಲೆ ತಿರುಗಿಸು.

ಆದರೆ ಡಬ್ಬದಲ್ಲೇ ಬಂದ ಆ ಸ್ಕೋಪಿನ ಮೇಲೆ ನನಗೂ ಹೆಚ್ಚಿನ ನಂಬಿಕೆಯಿಲ್ಲ. ಸ್ಪ್ರಿಂಗಿನ ರೈಫಲ್ ಎರಡು ಕಡೆಗೆ ಒದೆಯುತ್ತದೆ: ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ತುದಿಗೆ ಬಂದು ತಡೆದು ನಿಂತಾಗ ಮುಂದಕ್ಕೆ. ಹಿಂದಕ್ಕೆ ಒದೆಯುವ ದೊಡ್ಡ ಬಂದೂಕುಗಳ ಮೇಲೆ ವರ್ಷಗಟ್ಟಲೆ ಬಾಳುವ ಸ್ಕೋಪು ಕೂಡ ಈ ಮುಂದಿನ ಒದೆತಕ್ಕೆ ಒಳಗಿನಿಂದ ಸಡಿಲವಾಗಬಹುದು. ಬೇರೆ ಕೊಳ್ಳುವುದಾದರೆ ಏರ್ ರೈಫಲಿಗೆಂದೇ ಮಾಡಿದ್ದನ್ನು, 10 ಮೀಟರಿನಷ್ಟು ಹತ್ತಿರಕ್ಕೂ ಪ್ಯಾರಲಾಕ್ಸ್ (ಕಣ್ಣು ಕದಲಿದಾಗ ಗುರಿ ಸರಿದಂತೆ ಕಾಣುವುದು) ಸರಿಪಡಿಸಬಹುದಾದದ್ದನ್ನು ಕೊಳ್ಳು. ಈಗಿನದರಲ್ಲಿ ಕಣ್ಣನ್ನು ಸ್ವಲ್ಪ ಅತ್ತಿತ್ತ ಮಾಡಿದರೆ ಸ್ಕೋಪಿನೊಳಗೆ ಕಾಣುವ ಅಡ್ಡ-ಉದ್ದ ಗೆರೆಗಳು ಕಾಗದದ ಮೇಲೆ ಈಜಾಡುತ್ತವೆಯೇ, ನೋಡು. ಈಜಾಡಿದರೆ, ನೀನು ಕೆನ್ನೆಯನ್ನು ಪ್ರತಿ ಸಲವೂ ಒಂದೇ ಜಾಗದಲ್ಲಿ ಇಡದಿದ್ದಾಗಲೆಲ್ಲ ಗುರಿ ತಪ್ಪುತ್ತದೆ.

ಸ್ಕೋಪು ಕೂರಿಸುವಾಗ ಅವಸರ ಮಾಡಿದ್ದೀಯೆ ಎಂದು ಚಿತ್ರ ಹೇಳುತ್ತಿದೆ. ಸ್ಕೋಪನ್ನು ರೈಫಲಿಗೆ ಹಿಡಿದಿಡುವ ಮೌಂಟಿನ ಅಡಿಯ ಸಣ್ಣ ಮೊಳೆ ರೈಫಲಿನ ಮೇಲಿನ ಕುಳಿಯಲ್ಲಿ ಕೂರಬೇಕು, ಇಲ್ಲವಾದರೆ ಪ್ರತಿ ಒದೆತಕ್ಕೂ ಸ್ಕೋಪು ಕೂದಲೆಳೆಯಷ್ಟು ಹಿಂದೆ ಸರಿಯುತ್ತಾ ಹೋಗುತ್ತದೆ. ಕಣ್ಣಿನಿಂದ ಎಂಟು ಸೆಂಟಿಮೀಟರಿನಷ್ಟು ದೂರದಲ್ಲಿ, ಇಡೀ ವೃತ್ತ ಕಪ್ಪು ಅಂಚಿಲ್ಲದೆ ಕಾಣುವ ಜಾಗ ಸಿಗುವವರೆಗೂ ರಿಂಗಿನ ಸ್ಕ್ರೂಗಳನ್ನು ಬಿಗಿಮಾಡಬೇಡ. ದಾರಕ್ಕೆ ಒಂದು ನಟ್ಟು ಕಟ್ಟಿ ದೂರದಲ್ಲಿ ಇಳಿಬಿಟ್ಟು, ರೈಫಲನ್ನು ಓರೆಯಾಗದಂತೆ ಹಿಡಿದು, ಸ್ಕೋಪಿನೊಳಗಿನ ಲಂಬ ಗೆರೆಯನ್ನು ಆ ದಾರಕ್ಕೆ ಹೊಂದಿಸು. ಸ್ಕ್ರೂಗಳನ್ನು ಒಂದೇ ಪಕ್ಕದಿಂದ ಬಿಗಿಯುತ್ತಾ ಹೋಗಬೇಡ. ಎದುರುಬದುರಾಗಿ, ಒಂದೊಂದಕ್ಕೂ ಕಾಲು ಸುತ್ತು, ಎರಡೂ ಕಡೆಯ ಸಂದು ಸಮನಾಗಿರುವಂತೆ. ಸ್ಕೋಪು ತೆಳು ಅಲ್ಯೂಮಿನಿಯಂ ಕೊಳವೆ, ನಿನ್ನ ಮುಂಗೈ ಬಲವನ್ನೆಲ್ಲ ಅದರ ಮೇಲೆ ತೋರಿಸುವ ಅಗತ್ಯವಿಲ್ಲ.

ಇಷ್ಟು ಮಾಡಿ, ಗುರಿಯ ಹಿಂದೆ ಏನಿಟ್ಟಿದ್ದೀಯೆ ಎಂದು ನೋಡು. ಇಲ್ಲಿಗೆ ಬರಬೇಕೆಂದೇ ಇಷ್ಟು ಹೊತ್ತು ಸುತ್ತಿದೆ.

ನಿನ್ನ ಬಲ ಹುಬ್ಬಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಗುರುತಿದೆ. ಹಲಗೆಯ ಸಿಬಿರು ಸಿಡಿದು ಆದದ್ದು ಎಂದು ನಿನಗೆ ಹೇಳಿದ್ದೆ, ನೀನು ಎಲ್ಲರಿಗೂ ಹಾಗೆಯೇ ಹೇಳುತ್ತಾ ಬಂದೆ. ಅದು ಸಿಬಿರಲ್ಲ. ನಿನಗೆ ಎಂಟು ವರ್ಷ. ಕಾಗದವನ್ನು ನಾನು ಒಂದು ಹಳೆಯ ಗಟ್ಟಿ ಹಲಗೆಗೆ ಮೊಳೆ ಹೊಡೆದು ಹಚ್ಚಿದ್ದೆ. ಎಂಟು ಹೆಜ್ಜೆ ದೂರ. ಸೀಸ ಮೆತ್ತನೆಯ ಲೋಹ, ಬಡಿದರೆ ಚಪ್ಪಟೆಯಾಗಿ ಅಲ್ಲೇ ಬೀಳುತ್ತದೆ ಎಂಬುದು ನನ್ನ ತಿಳಿವಳಿಕೆ. ಮರ ಅದನ್ನು ಚಪ್ಪಟೆ ಮಾಡುವ ಬದಲು ಸ್ಪ್ರಿಂಗಿನಂತೆ ತಿರುಗಿ ಎಸೆಯಬಲ್ಲದು ಎಂದು ನನಗೆ ತಿಳಿದಿರಲಿಲ್ಲ, ತಿಳಿದುಕೊಳ್ಳಬೇಕು ಅನ್ನಿಸಿಯೂ ಇರಲಿಲ್ಲ. ನೀನು ನನ್ನ ಬಲಕ್ಕೆ, ಒಂದು ಹೆಜ್ಜೆ ಹಿಂದೆ, ಪೆಲೆಟ್ಟಿನ ಡಬ್ಬ ಹಿಡಿದು ನಿಂತಿದ್ದೆ. ಹಲಗೆಯ ಟಕ್ ಎಂಬ ಸದ್ದು ಕೇಳಿತು, ಅದರ ಬೆನ್ನಿಗೇ ಡಬ್ಬ ನೆಲಕ್ಕೆ ಬಿದ್ದು ಪೆಲೆಟ್ಟುಗಳು ಚೆಲ್ಲಿದ ಸದ್ದು. ನೀನು ಮೊದಲು ಅಳಲಿಲ್ಲ. "ಜೇನು ಕಚ್ಚಿತು" ಎಂದೆ.

ರಕ್ತ ಬಹಳವೇನೂ ಬರಲಿಲ್ಲ. ನಾನು ನಿನ್ನ ಮುಖ ತೊಳೆದು, ಹತ್ತಿ ಒತ್ತಿ ಹಿಡಿದು, ಗಾಯಕ್ಕೂ ರೆಪ್ಪೆಗೂ ನಡುವೆ ಎಷ್ಟು ಅಂತರವಿದೆಯೆಂದು ನನ್ನ ಕಿರುಬೆರಳಿಟ್ಟು ಅಳೆದೆ. ಒಂದು ಬೆರಳು. ಆ ಸಂಜೆ ನೀನು ಮಲಗಿದ ಮೇಲೆ ಮತ್ತೆ ಅಳೆದೆ. ಆಮೇಲೆ ದೀಪ ಹಿಡಿದುಕೊಂಡು ಹೋಗಿ ಚೆಲ್ಲಿದ ಪೆಲೆಟ್ಟುಗಳ ನಡುವೆ ಅದೊಂದನ್ನೇ ಹುಡುಕಿ ತೆಗೆದೆ. ಬೇರೆಯವೆಲ್ಲ ಹೊಳೆಯುತ್ತಿದ್ದವು, ಲಂಗದಂತೆ ಅಗಲವಾದ ಬುಡ ದುಂಡಗಿತ್ತು. ಇದರ ಮೂತಿ ಮಾತ್ರ ಒಂದು ಪಕ್ಕಕ್ಕೆ ಜಜ್ಜಿ, ಅದರ ಮೇಲೆ ಹಲಗೆಯ ನಾರಿನ ಗೆರೆಗಳು ಅಚ್ಚೊತ್ತಿದ್ದವು. ಅರ್ಧ ಗ್ರಾಮ್ ತೂಕ. ಅದು ಈಗಲೂ ನನ್ನ ಸೂಜಿಡಬ್ಬಿಯಲ್ಲಿದೆ. ಅರ್ಧ ಗ್ರಾಮು ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೋದರೆ ಸುಮಾರು 16 ಜೂಲ್ ಶಕ್ತಿ ಎಂದು ಅಂದು ರಾತ್ರಿಯೇ ಲೆಕ್ಕ ಹಾಕಿದ್ದೆ, ಅದರಲ್ಲಿ ಎಷ್ಟು ಪಾಲು ಹಲಗೆ ನುಂಗಿ ಎಷ್ಟು ಪಾಲು ನಿನ್ನ ಹುಬ್ಬಿಗೆ ಬಂತೆಂಬ ಲೆಕ್ಕ ಮಾತ್ರ ಕೂಡಿಬರಲಿಲ್ಲ. ಇಷ್ಟು ವರ್ಷಗಳ ನಂತರವೂ, ನಿನ್ನ ಜೊತೆ ಬೇರೇನೋ ಮಾತಾಡುತ್ತಿರುವಾಗ ನನ್ನ ಕಣ್ಣು ಆ ಗುರುತಿಗೆ ಹೋಗುತ್ತದೆ. ನೀನು ಎಷ್ಟೋ ಸಲ "ಏನು ನೋಡ್ತಿದ್ದೀಯಮ್ಮ?" ಎಂದು ಕೇಳಿದ್ದೀಯೆ. ಇದನ್ನೇ.

ಮರುದಿನ ನೀನು "ಇವತ್ತೂ ಹೊಡೆಯೋಣ" ಎಂದೆ. ಸ್ಪ್ರಿಂಗು ಮುರಿದಿದೆ ಎಂದೆ. ನಿನ್ನನ್ನು ಹೆದರಿಸಬಾರದೆಂದು ಹಾಗೆ ಹೇಳಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಪ್ಪು ನನ್ನದೆಂದು ಎಂಟು ವರ್ಷದವಳ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು ಎಂಬುದು ಹೆಚ್ಚು ಸರಿ. ಕ್ಷಮಿಸು. ಆ ದಿನ ನಿಜ ಹೇಳಿ, ಹಲಗೆ ಬದಲಿಸಿ, ನಿನಗೆ ಕಲಿಸಬಹುದಾಗಿತ್ತು. ಅದರ ಬದಲು ನೀನು ಈಗ ಯಾರೂ ಇಲ್ಲದೆ ಒಬ್ಬಳೇ ಕಲಿಯುತ್ತಿದ್ದೀಯೆ.

ಆದ್ದರಿಂದ ಗುರಿಯ ಹಿಂದೆ ಹಲಗೆ ಬೇಡ, ಕಲ್ಲು ಬೇಡ, ಗೋಡೆಯಂತೂ ಬೇಡವೇ ಬೇಡ. ಗಟ್ಟಿ ಪೆಟ್ಟಿಗೆಯೊಂದರ ಒಳಗೆ ಹಳೆಯ ಬಟ್ಟೆಯನ್ನು ಒತ್ತೊತ್ತಾಗಿ ತುಂಬಿ, ಅದರ ಹಿಂದೆಯೂ ದಪ್ಪನೆಯ ತಡೆಯಿಟ್ಟು, ಆಗಾಗ ಬಿಚ್ಚಿ ಎಷ್ಟು ಸವೆದಿದೆ ಎಂದು ನೋಡು. ಆ ತಡೆಯ ಆಚೆ ಯಾರೂ ಓಡಾಡುವಂತಿರಬಾರದು. ಚಿತ್ರದಲ್ಲಿ ನಿನ್ನ ಬೆರಳು ಟ್ರಿಗರಿನ ಮೇಲಿದೆ. ಗುಂಡು ಇರಲಿಲ್ಲ ಎನ್ನುತ್ತೀಯೆ, ಗೊತ್ತು, ಆದರೂ ಕಾಗದದ ಕಡೆಗೆ ನಳಿಗೆ ತಿರುಗಿ ನೀನು ಸಿದ್ಧಳಾಗುವವರೆಗೆ ಬೆರಳು ಹೊರಗೇ ಇರಬೇಕು. ನಳಿಗೆ ಬಗ್ಗಿಸಿ ಪೆಲೆಟ್ ತುಂಬುವಾಗ ಇನ್ನೊಂದು ಕೈ ನಳಿಗೆಯನ್ನು ಬಿಡಕೂಡದು, ಸ್ಪ್ರಿಂಗು ಜಾರಿದರೆ ಅದು ಬೆರಳನ್ನು ಉಳಿಸುವುದಿಲ್ಲ. ಮೊದಲ ಕೆಲವು ನೂರು ಹೊಡೆತಗಳಲ್ಲಿ ಸ್ವಲ್ಪ ಹೊಗೆ ಬಂದರೆ, ಒಳಗೆ ಉಳಿದ ಎಣ್ಣೆ ಉರಿಯುತ್ತಿದೆ ಎಂದು ತಿಳಿ, ಗಾಬರಿಯಾಗಬೇಡ; ಅದಕ್ಕೆ ಮತ್ತೆ ಎಣ್ಣೆ ಬಿಡಲೂಬೇಡ. ಸೀಸ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಬಾಯಿಗೆ ಒಯ್ಯಬೇಡ. ಅಮ್ಮ ಮತ್ತೆ ಪಾಠ ಶುರುಮಾಡಿದಳು ಎಂದುಕೊಳ್ಳುತ್ತಿರುತ್ತೀಯೆ. ಮಾಡಿದ್ದೇನೆ, ನಿಲ್ಲಿಸಲು ಆಗುತ್ತಿಲ್ಲ.

ರೈಫಲನ್ನು ಬಿಗಿಯಾಗಿ ಹಿಡಿಯುತ್ತೀಯೆ ಎಂಬುದು ನಿನ್ನ ಚೆದುರಿದ ತೂತುಗಳಿಂದಲೇ ಗೊತ್ತಾಗುತ್ತದೆ. ಪೆಲೆಟ್ ಇನ್ನೂ ನಳಿಗೆಯೊಳಗಿರುವಾಗಲೇ ಒದೆತ ಶುರುವಾಗಿರುತ್ತದೆ, ಹಾಗಾಗಿ ನೀನು ಅದನ್ನು ತಡೆಯಲು ಹೋದರೆ ಪ್ರತಿ ಸಲವೂ ಬೇರೆ ಬೇರೆ ರೀತಿಯಲ್ಲಿ ತಡೆಯುತ್ತೀಯೆ. ಎಡ ಅಂಗೈಯನ್ನು ತೆರೆದಿಟ್ಟು, ಅದರ ಮೇಲೆ ರೈಫಲ್ ಸುಮ್ಮನೆ ಮಲಗಿರಲಿ. ಬೆರಳುಗಳು ಅಪ್ಪಿ ಹಿಡಿಯುವುದು ಬೇಡ. ಅದು ಒದೆಯಲಿ, ಪ್ರತಿ ಸಲವೂ ಒಂದೇ ರೀತಿ ಒದೆಯಲಿ. ಮುಂದೆ ಸ್ಪರ್ಧೆಗೆ ಹೋಗುವ ಯೋಚನೆಯಿದೆ ಎಂದೆಯಲ್ಲ, 1984ರಿಂದ ಒಲಿಂಪಿಕ್ಸ್‌ನಲ್ಲಿರುವ 10 ಮೀಟರ್ ಏರ್ ರೈಫಲಿನಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ. ಸಣ್ಣ ರಂಧ್ರದ ಮೂಲಕ ನೋಡಿ, ಅರ್ಧ ಮಿಲಿಮೀಟರಿನ ಚುಕ್ಕೆಗೆ ಹೊಡೆಯಬೇಕು. ಸ್ಕೋಪಿನ ಮೇಲೆ ಹೆಚ್ಚು ಹಣ ಸುರಿಯುವ ಮೊದಲು ಇದು ನಿನ್ನ ಗಮನದಲ್ಲಿರಲಿ.

ಸೂಜಿಡಬ್ಬಿಯಲ್ಲಿರುವುದನ್ನು ಈ ಲಕೋಟೆಯಲ್ಲಿ ಹಾಕಿದ್ದೆ, ಮತ್ತೆ ತೆಗೆದೆ. ಅದು ನನ್ನ ಹತ್ತಿರವೇ ಇರಲಿ. ಪಾರ್ಸಲ್ ಬೇರೆ ಬರುತ್ತದೆ. ಅದರಲ್ಲಿ ಎರಡು ರಕ್ಷಣೆಯ ಕನ್ನಡಕಗಳಿವೆ, ಪಕ್ಕವನ್ನೂ ಮುಚ್ಚುವಂಥವು. ಒಂದು ನಿನಗೆ, ಇನ್ನೊಂದು ನಿನ್ನ ಬಲಕ್ಕೆ ಒಂದು ಹೆಜ್ಜೆ ಹಿಂದೆ ನಿಲ್ಲುವವರಿಗೆ. ಐದು ಹೊಡೆದ ಕಾಗದವೊಂದನ್ನು ಗುಂಡಿ ಮುಟ್ಟುವ ಮೊದಲೇ ತೆಗೆದು ನನಗೆ ಕಳಿಸು. ತೂತುಗಳ ಮೇಲೆ ಪೆನ್ನಿನಲ್ಲಿ ಏನನ್ನೂ ಗುರುತು ಹಾಕಬೇಡ.

ನಿನ್ನ
ಅಮ್ಮ