‘ಸಿಟ್ಟು’ ಬಟನ್ ಬಗ್ಗೆ ಪುಟಾಣಿ ತರಗತಿಯ ಪೋಷಕರಿಗೆ

ಪ್ರಿಯ ಪೋಷಕರೆ,

ನಮಸ್ಕಾರ. ಆಟಿಸಂ ಇರುವ, ಬಾಯಿಮಾತು ಇನ್ನೂ ಬಾರದ ನಮ್ಮ ಮಕ್ಕಳಿಗೆ ಚಿತ್ರ ಒತ್ತಿ ಮಾತಾಡಲು ಕೊಟ್ಟಿರುವ ಟ್ಯಾಬ್ ಬಗ್ಗೆ ಕಳೆದ ವಾರ ಪುಟಾಣಿ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆಯನ್ನು ಪೂರ್ತಿ ಓದಿದೆ. ರಾತ್ರಿ ಹನ್ನೊಂದರ ಮೇಲೆ ಬಂದ ಮೆಸೇಜುಗಳನ್ನೂ ಬಿಡಲಿಲ್ಲ. ಅಲ್ಲೇ ಉತ್ತರ ಬರೆಯಬಹುದಿತ್ತು. ಆದರೆ ಗುಂಪಿನಲ್ಲಿ ಏನು ಬರೆದರೂ ಸ್ವಲ್ಪ ಹೊತ್ತಿಗೆ ಅದು ಮೇಲೆ ಹೋಗಿ, ಕೆಳಗೆ ಯಾರದೋ ಗುಡ್ ಮಾರ್ನಿಂಗ್ ಹೂವು ಬಂದು ಕೂರುತ್ತದೆ. ಅದಕ್ಕೇ ಈ ಪತ್ರ.

ದೂರುಗಳು ಎರಡು. ಮೊದಲನೆಯದು, "ಮನೆಯಲ್ಲಿ ಮೊಬೈಲ್ ಬಿಡಿಸಿ ಅಂತ ಹೇಳುವವರೂ ನೀವೇ, ಶಾಲೆಯಲ್ಲಿ ಟ್ಯಾಬ್ ಕೈಗೆ ಕೊಡುವವರೂ ನೀವೇ." ಎರಡನೆಯದು, ಟ್ಯಾಬ್‌ನಲ್ಲಿರುವ ‘ಸಿಟ್ಟು’ ಮತ್ತು ‘ಬೇಡ’ ಬಟನ್‌ಗಳನ್ನು ತೆಗೆಯಬೇಕು ಅನ್ನುವುದು. ಮೊದಲನೆಯದಕ್ಕೆ ಬೇಗ ಉತ್ತರ ಹೇಳಿ ಮುಗಿಸುತ್ತೇನೆ. ಎರಡನೆಯದಕ್ಕೆ ಸ್ವಲ್ಪ ತಾಳ್ಮೆ ಬೇಕು, ನಿಮಗೂ ನನಗೂ.

ಮೊಬೈಲ್ ಬಗ್ಗೆ ನಾವು ಹೇಳಿದ ಮಾತು ಬದಲಾಗಿಲ್ಲ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟ ತಿನ್ನಿಸಲು ರೈಮ್ಸ್ ಹಾಕಿಡುವುದು, ನೆಂಟರು ಬಂದಾಗ ಗಲಾಟೆ ಮಾಡದಿರಲಿ ಅಂತ ಫೋನ್ ಕೊಟ್ಟು ಕೂರಿಸುವುದು, ಇವು ಬೇಡ ಅಂದಿದ್ದೆವು. ಶಾಲೆಯ ಟ್ಯಾಬ್‌ನಲ್ಲಿ ಯೂಟ್ಯೂಬ್ ಇಲ್ಲ, ಗೇಮ್ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಮುಖ ನೋಡಿ ಖುಷಿ, ಸಿಟ್ಟು ಗುರುತಿಸುವ ಭಾವನೆಗಳ ಪಾಠ ಹತ್ತೇ ನಿಮಿಷ, ಅಷ್ಟೂ ಹೊತ್ತು ಟೀಚರ್ ಪಕ್ಕದಲ್ಲೇ ಕೂತಿರುತ್ತಾರೆ. ಆಮೇಲೆ ಉಳಿಯುವುದು ಮಾತಾಡುವ ಪುಟ ಮಾತ್ರ. ಚಿತ್ರ ಒತ್ತಿದರೆ ಪದ ಕೇಳಿಸುತ್ತದೆ. ಚೆನ್ನೈನಲ್ಲಿ ಹುಟ್ಟಿದ ಅವಾಜ್, ಐಐಟಿ ಬಾಂಬೆಯಲ್ಲಿ ತಯಾರಾದ ಜೆಲ್ಲೋ ಆ್ಯಪ್‌ಗಳೂ ಇದೇ ಬಗೆಯವು, ನಿಮ್ಮಲ್ಲಿ ಕೆಲವರು ಥೆರಪಿಯಲ್ಲಿ ನೋಡಿಯೇ ಇರುತ್ತೀರಿ. ಈ ಪುಟ ಇಡೀ ದಿನ ಮಗುವಿನ ಕೈಗೆ ಸಿಗುವ ಹಾಗೆ ಇರುತ್ತದೆ. ಮಾತು ಬರುವ ಮಗುವಿಗೆ ದಿನಕ್ಕೆ ಹತ್ತೇ ನಿಮಿಷ ನಾಲಿಗೆ ಆಡಿಸು ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ಟ್ಯಾಬ್ ರೂಢಿಯಾದರೆ ಬಾಯಿಮಾತು ಬರುವುದೇ ಇಲ್ಲ ಅನ್ನುವ ಹೆದರಿಕೆ ಹಳೆಯದು. ಅದನ್ನೇ ನೋಡಲು ಹಿಂದಿನ ಅಧ್ಯಯನಗಳನ್ನೆಲ್ಲ ಸೇರಿಸಿ ಮಾಡಿದ ಒಂದು ಪರಿಶೀಲನೆ 2006ರಲ್ಲಿ ಬಂತು. ಗಟ್ಟಿಯಾಗಿ ದಾಖಲಾದ ಪ್ರಕರಣಗಳಲ್ಲಿ ಯಾರ ಮಾತೂ ಕಡಿಮೆಯಾಗಿರಲಿಲ್ಲ. ಹೆಚ್ಚಿನವರಲ್ಲಿ ಸ್ವಲ್ಪ ಜಾಸ್ತಿಯೇ ಆಗಿತ್ತು. ಇನ್ನು, ಮೊಬೈಲ್ ತೋರಿಸಿದ್ದಕ್ಕೇ ಮಗುವಿಗೆ ಆಟಿಸಂ ಬಂತು ಅಂತ ಕೆಲವು ಅಮ್ಮಂದಿರು ತಮ್ಮನ್ನೇ ಬೈದುಕೊಂಡು ಬರೆದಿದ್ದೀರಿ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಆಟಿಸಂನಲ್ಲಿ ಅನುವಂಶೀಯತೆಯ ಪಾಲು ದೊಡ್ಡದು, ಮಗು ಹುಟ್ಟುವ ಮೊದಲೇ ಮಿದುಳಿನ ಬೆಳವಣಿಗೆಯಲ್ಲಿ ಅದು ಶುರುವಾಗಿರುತ್ತದೆ. ಆ ತಪ್ಪು ನಿಮ್ಮದಲ್ಲ.

ಈಗ ಬಟನ್‌ಗಳ ವಿಷಯ.

ಛತ್ರದಲ್ಲಿ ನಡೆದದ್ದನ್ನು ಗುಂಪಿನಲ್ಲಿ ಒಬ್ಬರು ಅಪ್ಪ ಬರೆದಿದ್ದರು. ನಾಮಕರಣಕ್ಕೆ ಹೋಗಿದ್ದಾಗ ಅಜ್ಜಿ ಮುದ್ದು ಮಾಡಲು ಎತ್ತಿಕೊಂಡರು. ಮಗು ಮೊದಲು ‘ಬೇಡ’ ಒತ್ತಿತು, ಆಮೇಲೆ ‘ಸಿಟ್ಟು’, ಮತ್ತೆ ‘ಸಿಟ್ಟು’. ಟ್ಯಾಬ್‌ನ ದನಿ ಜೋರಾಗಿತ್ತು. ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಹಾಗಾಯಿತು, ದೊಡ್ಡವರಿಗೆ ಎದುರು ಮಾತಾಡುವುದನ್ನೇ ಶಾಲೆ ಕಲಿಸುತ್ತಿದೆ ಅಂತ ಅವರಿಗೆ ಅನ್ನಿಸಿದೆ. ಅವರ ನೋವು ನನಗೆ ಅರ್ಥವಾಗುತ್ತದೆ. ನೆಂಟರ ಕಣ್ಣು ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು. "ಏನೂ ಕಲಿಸಿಲ್ವಾ" ಅಂತ ಬಾಯಿಬಿಟ್ಟು ಕೇಳುವುದಿಲ್ಲ, ಮುಖದಲ್ಲೇ ಕೇಳುತ್ತಾರೆ.

ಆದರೆ ಅದೇ ಗಳಿಗೆಯನ್ನು ಮಗುವಿನ ಕಡೆಯಿಂದ ನೋಡಿ. ಒಂದು ಕಡೆ ವಾಲಗ, ಇನ್ನೊಂದು ಕಡೆ ಮೈಕು. ಪಂಕ್ತಿಯಲ್ಲಿ ಬಕೆಟ್ ಎಳೆಯುವ ಸದ್ದು. ಮಲ್ಲಿಗೆ, ಒಗ್ಗರಣೆ, ಸೆಂಟು ಎಲ್ಲ ಒಟ್ಟಿಗೆ ಮೂಗಿಗೆ. ಹೊಸ ರೇಷ್ಮೆ ಸೀರೆಯ ಜರಿ ಕೆನ್ನೆಗೆ ಉಜ್ಜುತ್ತಿದೆ. ಇದೇ ಮಗು ಶಾಲೆಗೆ ಸೇರಿದಾಗ ಇದರ ಅರ್ಧ ಗದ್ದಲಕ್ಕೆ ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿತ್ತು. ಅವತ್ತು ಅಜ್ಜಿಯನ್ನು ಕಚ್ಚಲಿಲ್ಲ, ಪರಚಲಿಲ್ಲ. ಬಟನ್ ಒತ್ತಿತು. ಟೀಚರ್‌ಗಳ ಕೋಣೆಯಲ್ಲಿ ಈ ಸುದ್ದಿ ಕೇಳಿ ನಾವು ಸಂತೋಷಪಟ್ಟೆವು. ನಿಮಗೆ ಕಷ್ಟವಾದದ್ದಕ್ಕೆ ನಾವು ಖುಷಿಪಟ್ಟೆವು ಅಂತ ದಯವಿಟ್ಟು ತಿಳಿಯಬೇಡಿ.

ತರಗತಿಯಲ್ಲೂ ಹೀಗೇ. ಒಬ್ಬ ಹುಡುಗಿ ಉಪ್ಪಿಟ್ಟಿನ ಹೊತ್ತಿಗೆ ದಿನಾ ಮಣಿಕಟ್ಟು ಕಚ್ಚಿಕೊಳ್ಳುತ್ತಿದ್ದಳು. ಹಸಿವೆ ಇರಬೇಕು ಅಂತ ಕೆಲವರು, ಹಟ ಅಂತ ಕೆಲವರು. ಟೀಚರ್ ಟ್ಯಾಬ್ ಮುಂದಿಟ್ಟು, ಅವಳ ಕೈಯನ್ನು ಹಿಡಿಯದೆ, ತಾವೇ ‘ಸಿಟ್ಟು’ ಒತ್ತಿ ತೋರಿಸಿ ಸುಮ್ಮನೆ ಕೂರುತ್ತಿದ್ದರು. ಎಷ್ಟೋ ದಿನ ಏನೂ ಆಗಲಿಲ್ಲ. ಒಂದು ದಿನ ಅವಳೇ ‘ಸಿಟ್ಟು’ ಒತ್ತಿದಳು, ಕೊಂಚ ಬಿಟ್ಟು ‘ಸದ್ದು’ ಒತ್ತಿದಳು. ಮೇಲೆ ನೋಡಿದರೆ ಫ್ಯಾನ್. ಕಿರ್ ಕಿರ್ ಅನ್ನುತ್ತಿದ್ದದ್ದು ನಮ್ಮ ಯಾರ ಕಿವಿಗೂ ಬಿದ್ದಿರಲಿಲ್ಲ. ಫ್ಯಾನ್ ಆರಿಸಿದ ಮೇಲೆ ಉಪ್ಪಿಟ್ಟು ತಿಂದಳು. ‘ಸಿಟ್ಟು’ ಬಟನ್ ಇಲ್ಲದೇ ಹೋಗಿದ್ದರೆ ‘ಸದ್ದು’ ತನಕ ಅವಳು ಬರುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

‘ಖುಷಿ’ ಇರಲಿ, ‘ಸಿಟ್ಟು’ ಬೇಡ ಅಂತ ಕೇಳಿದ್ದೀರಿ. ಒಳ್ಳೆಯ ಪದಗಳನ್ನೇ ಕಲಿಯಲಿ ಅನ್ನುವ ಆಸೆ ಯಾರಿಗಿಲ್ಲ? ಆದರೆ ಬಟನ್ ತೆಗೆದರೆ ಸಿಟ್ಟು ಹೋಗುವುದಿಲ್ಲ, ಹಣೆಗೋ ಮಣಿಕಟ್ಟಿಗೋ ವಾಪಸ್ ಬರುತ್ತದೆ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮ್ಮೊಳಗೆ ಆಗುತ್ತಿರುವುದು ಏನು ಅಂತ ಗುರುತಿಸುವುದೇ ಕಷ್ಟ ಅಂತ ಅಧ್ಯಯನಗಳು ಹೇಳುತ್ತವೆ. ಕಿವಿ ಬಿಸಿಯಾಗಿದೆ, ಹೊಟ್ಟೆ ಬಿಗಿಯಾಗಿದೆ, ಆದರೆ ಅದಕ್ಕೆ ಏನನ್ನಬೇಕೋ ಗೊತ್ತಿಲ್ಲ. ಅಂಥ ಮಗು ಸರಿಯಾದ ಹೊತ್ತಿಗೆ ಸರಿಯಾದ ಚಿತ್ರ ಹುಡುಕಿ ಒತ್ತಿದೆ ಅಂದರೆ ಅದು ದೊಡ್ಡ ಕೆಲಸ.

ಇನ್ನೂ ಒಂದು ಕಾರಣವಿದೆ, ಬರೆಯಲು ನನಗೂ ಇಷ್ಟವಿಲ್ಲ. ಮಾತು ಬಾರದ ಮಕ್ಕಳ ಮೈಮೇಲೆ ಕೈ ಹಾಕುವವರಿಗೆ ಆ ಮಾತಿಲ್ಲದಿರುವುದೇ ಅನುಕೂಲ. ಅಂಥ ಹೊತ್ತಲ್ಲಿ ಬೇಡ ಅನ್ನಬೇಕಾದ ಮಗು ಅದನ್ನು ಮೊದಲು ಅಭ್ಯಾಸ ಮಾಡುವುದು ಪ್ರೀತಿ ಮಾಡುವವರ ಹತ್ತಿರವೇ, ಅಂದರೆ ನಿಮ್ಮ ಹತ್ತಿರ, ಅಜ್ಜಿಯ ಹತ್ತಿರ, ನಮ್ಮ ಹತ್ತಿರ. ಅಜ್ಜಿಗೆ ಬೇಜಾರಾಗುತ್ತದೆ, ನಿಜ. ನಾನೂ ಅಜ್ಜಿಯೇ. ಮುತ್ತು ಬೇಡ ಅಂದ ಮೊಮ್ಮಗು ಆಮೇಲೆ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತದೆ, ಸ್ವಲ್ಪ ಕಾಯಬೇಕಷ್ಟೆ.

ಹಾಗಂತ ಸಿಟ್ಟು ಅಂದ ತಕ್ಷಣ ಕೇಳಿದ್ದೆಲ್ಲ ಕೊಡಿ ಅಂತ ಯಾರೂ ಹೇಳುತ್ತಿಲ್ಲ. ಶಾಲೆಯಲ್ಲೂ ಕೊಡುವುದಿಲ್ಲ. ‘ಸಿಟ್ಟು’ ಒತ್ತಿದರೂ ಚಪ್ಪಲಿ ಹಾಕಲೇಬೇಕು, ಮಾತ್ರೆ ನುಂಗಲೇಬೇಕು, ರಸ್ತೆಯಲ್ಲಿ ಕೈ ಹಿಡಿಯಲೇಬೇಕು. "ಸಿಟ್ಟು ಬಂದಿದೆ, ಗೊತ್ತಾಯ್ತು. ಚಪ್ಪಲಿ ಹಾಕೋಣ." ಇಷ್ಟೇ ನಮ್ಮ ಟೀಚರ್‌ಗಳು ಹೇಳುವುದು. ಸಿಟ್ಟು ಇದೆ ಅಂತ ಹೇಳುವುದಕ್ಕೂ ಸಿಟ್ಟಿನಲ್ಲಿ ಹೊಡೆಯುವುದಕ್ಕೂ ವ್ಯತ್ಯಾಸ ಇದೆ. ನಾವು ಕಲಿಸುತ್ತಿರುವುದು ಮೊದಲನೆಯದನ್ನು. ಇದನ್ನೇ ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಬರೆಯುತ್ತಿದ್ದೇನೆ ಅಂತ ನನಗೂ ಗೊತ್ತಿದೆ. ಆದರೂ ಇನ್ನೊಮ್ಮೆ: ಮಗು ‘ಸಿಟ್ಟು’ ಒತ್ತುವುದು ಉದ್ಧಟತನ ಅಲ್ಲ. ಆ ಬಟನ್ ತೆಗೆಯುವುದಿಲ್ಲ. ದನಿಯನ್ನು ಬೇಕಾದರೆ ಕಡಿಮೆ ಮಾಡಿಕೊಡುತ್ತೇವೆ, ಛತ್ರಕ್ಕೆ ಹೋಗುವ ದಿನ ಮೊದಲೇ ಹೇಳಿ.

ಈ ಆ್ಯಪ್‌ಗಳಿಂದ ಎಲ್ಲ ಆಗಿಬಿಡುತ್ತದೆ ಅಂತಲೂ ನಾನು ಹೇಳುವುದಿಲ್ಲ. ಹಳದಿ ದುಂಡು ಮುಖ ನೋಡಿ ‘ಖುಷಿ’ ಅಂತ ಸರಿಯಾಗಿ ಒತ್ತುವ ಮಗು, ಅಪ್ಪನ ಮೀಸೆಯ ಕೆಳಗಿನ ನಗು ಗುರುತಿಸದೇ ಇರಬಹುದು. ಈರುಳ್ಳಿ ಹೆಚ್ಚುವ ಅಮ್ಮನನ್ನು ನೋಡಿ ‘ಅಳು’ ಒತ್ತಿದ ಮಗುವೂ ನಮ್ಮಲ್ಲಿದೆ, ಅದರ ಲೆಕ್ಕದಲ್ಲಿ ಅದು ಸರಿಯೇ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಆಟಿಕೆ ಗಾಡಿಗಳಿಗೆ ನಿಜವಾದ ಮನುಷ್ಯರ ಮುಖ ಅಂಟಿಸಿದ ಕಾರ್ಟೂನ್ ಮಾಡಿ, 4ರಿಂದ 7 ವರ್ಷದ ಆಟಿಸಂ ಮಕ್ಕಳಿಗೆ 4 ವಾರ ದಿನಾ ತೋರಿಸಿದರು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಮಕ್ಕಳು ಹೊಸ ಮುಖಗಳ ಭಾವವನ್ನೂ ಗುರುತಿಸಲು ಕಲಿತಿದ್ದರು. ಅದೇ ಕಾರ್ಟೂನನ್ನು ಮುಂದೆ ಬೇರೆಯವರು ಕಲಿಕೆಯಲ್ಲಿ ಹಿಂದಿದ್ದ ಮಕ್ಕಳಿಗೂ ತೋರಿಸಿದಾಗ ಅಷ್ಟು ಪ್ರಯೋಜನ ಕಾಣಲಿಲ್ಲ. ಹಾಗಾಗಿ ನಾವು ಕಾರ್ಟೂನ್ ಮುಖಗಳನ್ನು ಕಡಿಮೆ ಮಾಡಿ ನಿಮ್ಮ ಮನೆಯವರ ಫೋಟೊಗಳನ್ನೇ ಹಾಕುತ್ತಿದ್ದೇವೆ. ಪದಗಳೂ ನಿಮ್ಮ ಮನೆಯವೇ, ದನಿ ನಮ್ಮ ಟೀಚರ್‌ಗಳದ್ದು. ಮನೆಮಾತು ಉರ್ದು, ತುಳು ಆಗಿರುವವರು ಒಂದು ನಿಮಿಷ ಬಂದು ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ಮಗುವಿನ ಮುಖದಲ್ಲಿ ನಮಗೆ ಬೇಕಾದ ಹಾಗೆ ಭಾವ ಮೂಡಲಿ ಅಂತ ನಾವು ತರಬೇತಿ ಕೊಡುತ್ತಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯವೂ ಇಲ್ಲ. ಖುಷಿಯಾದಾಗ ಕೈ ಬಡಿಯುವ ಮಗುವಿಗೆ ಅದೇ ನಗು. ಆಟಿಸಂ ಇರುವವರಿಗೂ ಇಲ್ಲದವರಿಗೂ ನಡುವೆ ಅರ್ಥವಾಗದಿರುವುದು ಎರಡೂ ಕಡೆಯಿಂದ ಅಂತ ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದರು. ಈ ಮಕ್ಕಳು ನಮ್ಮನ್ನು ಓದಲು ಕಲಿಯುವಷ್ಟೇ ನಾವೂ ಅವರನ್ನು ಓದಲು ಕಲಿಯಬೇಕು. ಈ ಮಾತಿಗೆ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತುತ್ತೀರಿ, ನನಗೆ ಗೊತ್ತು. ಛತ್ರದಲ್ಲಿ ಕಷ್ಟ.

ನಿಮ್ಮಿಂದ ಬೇಕಾದದ್ದು ಒಂದೇ: ಮನೆಯಲ್ಲಿ ಮಗು ‘ಸಿಟ್ಟು’ ಅಥವಾ ‘ಬೇಡ’ ಒತ್ತಿದಾಗ ಬೈಯದೆ, ಟ್ಯಾಬ್ ಕಿತ್ತುಕೊಳ್ಳದೆ, ಅದೇ ಪದವನ್ನು ಬಾಯಿಬಿಟ್ಟು ಒಮ್ಮೆ ಹೇಳಿ.

ಬರುವ ಶನಿವಾರ ಬೆಳಿಗ್ಗೆ 10 ಗಂಟೆಗೆ ತರಗತಿ ನೋಡಲು ಬನ್ನಿ. ಅಜ್ಜಿ ತಾತಂದಿರನ್ನೂ ಕರೆತನ್ನಿ, ಮುಖ್ಯವಾಗಿ ಅವರನ್ನೇ. ಟ್ಯಾಬ್ ಖರ್ಚನ್ನು ಫೀಸಿಗೆ ಸೇರಿಸುತ್ತಾರೆ ಅಂತ ಒಂದು ಸುದ್ದಿ ಹಬ್ಬಿದೆ. ಸೇರಿಸುವುದಿಲ್ಲ.

ವಿಶ್ವಾಸದಿಂದ,
ಮುಖ್ಯ ಶಿಕ್ಷಕಿ

ವಿ.ಸೂ.: ಫೋಟೊ ಇನ್ನೂ ಕೊಡದವರು ಮದುವೆ ಆಲ್ಬಮ್‌ನದ್ದು ಕಳಿಸಬೇಡಿ. ಮೇಕಪ್‌ನಲ್ಲಿ ಮಕ್ಕಳಿಗೆ ಗುರುತು ಸಿಗುವುದಿಲ್ಲ. ಮನೆಯಲ್ಲಿ ದಿನಾ ಇರುವ ಹಾಗೇ ತೆಗೆದದ್ದು ಸಾಕು.